ಪಂಪ್ ನೀರಿನ ಮಾತು ಕೇಳಲಿ

ವಾಟರ್ ಕೂಲಿಂಗ್ ಇರುವ ಕಂಪ್ಯೂಟರ್ ಒಂದು "ಸದ್ದು ಜಾಸ್ತಿ ಆಗಿದೆ" ಅಂತ ನಮ್ಮ ಬೆಂಚಿಗೆ ಬಂದರೆ ನಾನು ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಬಯೋಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಜಾಗ) ತೆರೆದು ಒಂದು ವಿಷಯ ನೋಡುತ್ತೇನೆ. ಪಂಪಿನ ವೇಗವನ್ನು ಯಾವ ಸೆನ್ಸರಿಗೆ ಕಟ್ಟಿದ್ದಾರೆ? ಹೆಚ್ಚಿನ ಸಲ ಸಿಗುವ ಉತ್ತರ, ಸಿಪಿಯು ಟೆಂಪರೇಚರ್. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಬೆಂಗಳೂರಿನಲ್ಲಿ ಎಡಿಟಿಂಗ್, ತ್ರೀಡಿ ರೆಂಡರಿಂಗ್, ರೆಕಾರ್ಡಿಂಗ್ ಮಾಡುವವರಿಗೆ ವರ್ಕ್‌ಸ್ಟೇಷನ್ ಕಟ್ಟಿಕೊಡುವುದು ನನ್ನ ಕೆಲಸ. ಇಲ್ಲಿ ನಾನು ಹೇಳುತ್ತಿರುವುದು ಕಸ್ಟಮ್ ಲೂಪ್ ಬಗ್ಗೆ. ಪಂಪ್, ನೀರು ತುಂಬಿಡುವ ರಿಸರ್ವಾಯರ್, ನೀರಿನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್, ಚಿಪ್ಪಿನ ಮೇಲೆ ಕೂತು ಶಾಖವನ್ನು ನೀರಿಗೆ ಕೊಡುವ ಬ್ಲಾಕ್, ಪೈಪು ಎಲ್ಲ ಬಿಡಿಬಿಡಿಯಾಗಿ ತಂದು ಜೋಡಿಸುವಂಥದ್ದು. ಇದರಲ್ಲಿ ಜನ ಬಣ್ಣದ ಲೈಟಿಗೆ, ಪೈಪಿನ ಬೆಂಡಿಗೆ ಎಷ್ಟೋ ಹೊತ್ತು ಕೊಡುತ್ತಾರೆ. ಪಂಪಿನ ವೇಗಕ್ಕೆ ಮಾತ್ರ ಐದು ನಿಮಿಷ ಕೊಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕಂದರೆ ಇಡೀ ಲೂಪಿನಲ್ಲಿ ನಿಲ್ಲಲೇಬಾರದ ಭಾಗ ಅಂದರೆ ಪಂಪ್ ಒಂದೇ.

ಒಂದು ಡಬ್ಬಿಂಗ್ ಸ್ಟುಡಿಯೋದ ಮೆಷಿನ್ ಉದಾಹರಣೆ ಕೊಡುತ್ತೇನೆ. ಅದನ್ನು ಬೇರೆಯವರು ಕಟ್ಟಿದ್ದರು. ಅಲ್ಲಿನ ಸೌಂಡ್ ಎಂಜಿನಿಯರ್ ಹೇಳಿದ ಮಾತು ಇದು: "ಸರ್, ಒಂದೇ ಸಮ ಸದ್ದು ಬಂದರೆ ನಾನು ಮ್ಯಾನೇಜ್ ಮಾಡ್ತೀನಿ. ಇದು ಏರುತ್ತೆ, ಇಳಿಯುತ್ತೆ. ಮೈಕ್ ಹಿಡಿದುಬಿಡುತ್ತೆ." ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ಸಮ ಇರುವ ಗುಂಯ್ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ, ಸಾಫ್ಟ್‌ವೇರಿನಲ್ಲೂ ಅದನ್ನು ಸುಲಭವಾಗಿ ತೆಗೆಯಬಹುದು. ಬದಲಾಗುತ್ತಾ ಇರುವ ಸದ್ದು ಹಾಗಲ್ಲ.

ಆ ಮೆಷಿನ್ ಮುಂದೆ ಕೂತು ನೋಡಿದೆ. ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೆ ಸಾಕು, ಪ್ರೊಸೆಸರ್ 45 ಡಿಗ್ರಿಯಿಂದ 70 ಡಿಗ್ರಿಗೆ ಜಿಗಿಯುತ್ತಿತ್ತು. ಅದರ ಹಿಂದೆಯೇ ಪಂಪ್ 1800 ಆರ್‌ಪಿಎಂನಿಂದ (ಅಂದರೆ ನಿಮಿಷಕ್ಕೆ 1800 ಸುತ್ತು) 4000ದ ಆಚೆಗೆ ಓಡುತ್ತಿತ್ತು. ಟ್ಯಾಬ್ ತೆರೆದಾದ ಮೇಲೆ ಎರಡೂ ಇಳಿಯುತ್ತಿದ್ದವು. ಮತ್ತೆ ಏನೋ ಕ್ಲಿಕ್, ಮತ್ತೆ ಏರಿಕೆ. ಇಷ್ಟೆಲ್ಲ ಆಗುವಾಗ ರಿಸರ್ವಾಯರ್ ಮುಟ್ಟಿ ನೋಡಿದರೆ ನೀರು ತಣ್ಣಗೇ ಇತ್ತು.

ಇದು ಯಾಕೆ ಹೀಗೆ? ಪ್ರೊಸೆಸರ್ ಚಿಪ್ ಬಹಳ ಚಿಕ್ಕದು. ಅದರೊಳಗೆ ಒಂದು ಕೋರ್ ಸ್ವಲ್ಪ ಹೊತ್ತು ಜೋರಾಗಿ ಕೆಲಸ ಮಾಡಿದರೂ ಅಲ್ಲಿನ ತಾಪ ಕಣ್ಣು ಮಿಟುಕಿಸುವಷ್ಟರಲ್ಲಿ ಏರುತ್ತದೆ. ಆ ಶಾಖ ಚಿಪ್ಪಿನಿಂದ ಮೇಲಿನ ಲೋಹದ ಮುಚ್ಚಳಕ್ಕೆ, ಪೇಸ್ಟ್ ದಾಟಿ ಬ್ಲಾಕಿಗೆ, ಆಮೇಲೆ ನೀರಿಗೆ ಬರಬೇಕು. ಅಲ್ಲಿಯವರೆಗಿನ ದಾರಿಯಲ್ಲಿ ಪಂಪಿನ ಕೈವಾಡ ಏನೂ ಇಲ್ಲ. ಪಂಪ್ ಎಷ್ಟೇ ಜೋರಾಗಿ ತಿರುಗಿದರೂ ಆ ಎರಡು ಸೆಕೆಂಡಿನ ಜಿಗಿತ ತಪ್ಪುವುದಿಲ್ಲ.

ನೀರಿನ ಸ್ವಭಾವವೇ ಬೇರೆ. ಒಲೆ ಆರಿದ ಮೇಲೂ ಬಚ್ಚಲ ಹಂಡೆಯ ನೀರು ಬಹಳ ಹೊತ್ತು ಬಿಸಿ ಇರುತ್ತಲ್ಲ, ಹಾಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಬೇಕು. ಪ್ರೊಸೆಸರ್ 200 ವಾಟ್, ಗ್ರಾಫಿಕ್ಸ್ ಕಾರ್ಡ್ 400 ವಾಟ್ ಅಂತ ಇಟ್ಟುಕೊಳ್ಳಿ, ಒಟ್ಟು 600 ವಾಟ್. ರೇಡಿಯೇಟರ್ ಇಲ್ಲವೇ ಇಲ್ಲ ಅಂದುಕೊಂಡರೂ ಒಂದು ಲೀಟರ್ ನೀರು ನಿಮಿಷಕ್ಕೆ ಎಂಟೂವರೆ ಡಿಗ್ರಿಯಷ್ಟು ಏರುತ್ತದೆ. ರೇಡಿಯೇಟರ್ ಇದ್ದರೆ ಅದಕ್ಕಿಂತ ಎಷ್ಟೋ ನಿಧಾನ. ಅಂದರೆ ಮೆಷಿನ್ ನಿಜವಾಗಿ ದುಡಿಯುತ್ತಿದೆಯೋ ಇಲ್ಲವೋ ಅಂತ ಹೇಳುವುದು ನೀರಿನ ತಾಪ. ವೇಗವನ್ನು ಕಟ್ಟಬೇಕಾದದ್ದು ಅದಕ್ಕೇ.

ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗರು ಕೇಳುವ ಪ್ರಶ್ನೆ ಒಂದಿದೆ. "ಅಣ್ಣ, ಸುಮ್ನೆ ಫುಲ್ ಸ್ಪೀಡ್ ಇಟ್ಟುಬಿಟ್ಟರೆ ಆಯ್ತಲ್ವಾ? ನೀರು ಜಾಸ್ತಿ ಹರಿದರೆ ಜಾಸ್ತಿ ತಣ್ಣಗೆ ಅಲ್ವಾ?" ಒಳ್ಳೆಯ ಪ್ರಶ್ನೆ. ಉತ್ತರವನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದೇ 600 ವಾಟ್ ಮೆಷಿನ್. ನಿಮಿಷಕ್ಕೆ 2 ಲೀಟರ್ ಹರಿದರೆ ಬ್ಲಾಕುಗಳನ್ನು ದಾಟುವಾಗ ನೀರು ಸುಮಾರು 4.3 ಡಿಗ್ರಿ ಬಿಸಿಯಾಗುತ್ತದೆ. 4 ಲೀಟರ್ ಹರಿದರೆ 2.1 ಡಿಗ್ರಿ. ಹರಿವು ಎರಡು ಪಟ್ಟು ಮಾಡಿ ಗಳಿಸಿದ್ದು ಎರಡು ಡಿಗ್ರಿ. ಅಲ್ಲಿಂದ ಇನ್ನೂ ಒಂದು ಲೀಟರ್ ಏರಿಸಿ 5 ಮಾಡಿದರೆ 1.7ಕ್ಕೆ ಇಳಿಯುತ್ತದೆ, ಅಷ್ಟೇ. ಬ್ಲಾಕಿನೊಳಗೆ ನೀರು ಶಾಖ ಹೀರುವ ಪ್ರಮಾಣವೂ ಹರಿವಿನ ಜೊತೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಅದೂ ಹೀಗೆಯೇ ಬೇಗ ಸಪ್ಪೆಯಾಗುತ್ತದೆ. ನಿಮಿಷಕ್ಕೆ ನಾಲ್ಕು ಲೀಟರಿನ ಆಸುಪಾಸು ದಾಟಿದ ಮೇಲೆ ಪಂಪ್ ಏರಿಸಿ ಸಿಗುವುದು ಬಹುಪಾಲು ಸದ್ದು.

ಇನ್ನೊಂದು ಕಡೆ ಪಂಪ್ ತಿನ್ನುವ ಕರೆಂಟ್ ನೋಡಿ. ಹರಿವು ವೇಗದಷ್ಟೇ ಏರುತ್ತದೆ. ಒತ್ತಡ ವೇಗದ ವರ್ಗದಷ್ಟು ಏರುತ್ತದೆ. ಶಕ್ತಿ ವೇಗದ ಘನದಷ್ಟು. ಪೂರ್ತಿ ವೇಗದಲ್ಲಿ 23 ವಾಟ್ ತೆಗೆದುಕೊಳ್ಳುವ ಡಿ5 ಅನ್ನುವ ಮಾದರಿಯ ಪಂಪ್ 60 ಶೇಕಡ ವೇಗಕ್ಕೆ ಇಳಿದರೆ ಲೆಕ್ಕದ ಪ್ರಕಾರ 5 ವಾಟ್ ಸಾಕು. ಉಳಿದ 18 ವಾಟ್ ಸದ್ದಾಗಿ, ಅಲುಗಾಟವಾಗಿ, ನೀರಿಗೇ ಸೇರುವ ಶಾಖವಾಗಿ ಹೋಗುತ್ತಿತ್ತು. ಡಿ5 ಮೋಟರನ್ನು ತಣ್ಣಗಿಡುವುದೂ ಅದೇ ನೀರು ನೋಡಿ.

ಡಿ5 ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಲೈಂಗ್ ಕಂಪನಿಯ ವಿನ್ಯಾಸ, ಈಗ ಝೈಲೆಮ್ ಕೈಯಲ್ಲಿದೆ. ಬಿಚ್ಚಿ ನೋಡಿದರೆ ಅದರಲ್ಲಿ ಶಾಫ್ಟೇ ಇಲ್ಲ. ಬಟ್ಟಲಿನಂಥ ರೋಟರ್ ಒಂದು ಚಿಕ್ಕ ಸೆರಾಮಿಕ್ ಗುಂಡಿನ ಮೇಲೆ ಕೂತು ತಿರುಗುತ್ತದೆ. ಶಾಫ್ಟ್ ಇಲ್ಲ ಅಂದಮೇಲೆ ಶಾಫ್ಟ್ ಸೀಲೂ ಇಲ್ಲ, ಅಲ್ಲಿಂದ ಸೋರುವ ಮಾತೂ ಇಲ್ಲ. ಆ ಗುಂಡಿಗೆ ಎಣ್ಣೆಯೂ ನೀರೇ. ಹಾಗಾಗಿ ಒಣಗಿದ ಪಂಪನ್ನು "ಒಂದು ಸೆಕೆಂಡ್ ತಿರುಗುತ್ತಾ ನೋಡೋಣ" ಅಂತ ಯಾರೂ ತಿರುಗಿಸಬಾರದು.

ವೈರಿಂಗಿಗೆ ಬರೋಣ. ಪಿಡಬ್ಲ್ಯೂಎಂ (ಸಿಗ್ನಲ್ ಕಳಿಸಿ ವೇಗ ಹೇಳುವ ವಿಧಾನ) ಇರುವ ಡಿ5ಗೆ ಎರಡು ಕೇಬಲ್ ಇರುತ್ತವೆ. ಒಂದು ಮೋಲೆಕ್ಸ್ ಅಥವಾ ಸಾಟಾ, ಅದು ನೇರ ಪವರ್ ಸಪ್ಲೈಗೆ ಹೋಗುತ್ತದೆ. ಇನ್ನೊಂದು ಫ್ಯಾನ್ ಕನೆಕ್ಟರ್, ಮದರ್‌ಬೋರ್ಡಿಗೆ. ಈ ಎರಡನೆಯದರಲ್ಲಿ ವೇಗದ ಆಜ್ಞೆ ಹೋಗುತ್ತದೆ, ಆರ್‌ಪಿಎಂ ಲೆಕ್ಕ ವಾಪಸ್ ಬರುತ್ತದೆ. ಕರೆಂಟ್ ಅಲ್ಲಿಂದ ಎಳೆಯುವುದಿಲ್ಲ. ಯಾಕೆ ಅಂದರೆ ಮದರ್‌ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ (ಆ ಕನೆಕ್ಟರ್ ಸಿಕ್ಕಿಸುವ ಪಿನ್ನುಗಳು) ಕೊಡುವುದು 1 ಆಂಪಿಯರ್, ಅಂದರೆ 12 ವಾಟ್. ಪಂಪಿಗೆ ಪೂರ್ತಿ ವೇಗದಲ್ಲಿ ಅದರ ಎರಡರಷ್ಟು ಬೇಕು. ಅಡಾಪ್ಟರ್ ಹಾಕಿ ಹೆಡರಿನಿಂದಲೇ ಪಂಪ್ ಓಡಿಸಲು ಹೋದ ಬೋರ್ಡುಗಳು ನಮ್ಮಲ್ಲಿಗೆ ಬಂದಿವೆ. ಆ ಹೆಡರ್ ಮತ್ತೆ ಕೆಲಸ ಮಾಡಲಿಲ್ಲ.

ಹೆಡರಿನ ಮೋಡ್ ಅನ್ನು ಬಯೋಸಿನಲ್ಲಿ ಪಿಡಬ್ಲ್ಯೂಎಂ ಅಂತಲೇ ಇಡಿ, ಆಟೋ ಬೇಡ. ಡಿಸಿ ಮೋಡ್ ಅಂದರೆ ವೋಲ್ಟೇಜ್ ಇಳಿಸಿ ವೇಗ ಇಳಿಸುವುದು. ಮೋಲೆಕ್ಸಿನಿಂದ 12 ವೋಲ್ಟ್ ನೇರ ಪಡೆಯುವ ಪಂಪಿಗೆ ಅದು ತಟ್ಟುವುದೇ ಇಲ್ಲ. ಆಜ್ಞೆಯ ವೈರ್ ಕಳಚಿದರೆ ಏನಾಗುತ್ತದೆ ಅನ್ನುವುದನ್ನೂ ಮೊದಲೇ ಪರೀಕ್ಷಿಸಿ. ಕೆಲವು ಪಂಪುಗಳು ಪೂರ್ತಿ ವೇಗಕ್ಕೆ ಹೋಗುತ್ತವೆ, ಕೆಲವು ಡಿ5ಗಳು 60 ಶೇಕಡದ ಸುತ್ತಮುತ್ತ ನಿಲ್ಲುತ್ತವೆ. "ಬಯೋಸಿನಲ್ಲಿ ಏನು ಮಾಡಿದರೂ ವೇಗ ಬದಲಾಗುತ್ತಿಲ್ಲ" ಅಂತ ಬರುವ ದೂರುಗಳಿಗೆ ಎಷ್ಟೋ ಸಲ ಇದೇ ಕಾರಣ.

ಆರ್‌ಪಿಎಂ ವೈರನ್ನು ನಾನು ಸಿಪಿಯು ಫ್ಯಾನ್ ಹೆಡರಿಗೇ ಹಾಕುತ್ತೇನೆ. ಪಂಪ್ ಹೆಡರ್ ಅಂತ ಬೇರೆ ಇದ್ದರೂ ಸರಿ. ಸಿಪಿಯು ಫ್ಯಾನ್ ತಿರುಗದಿದ್ದರೆ ಹಲವು ಮದರ್‌ಬೋರ್ಡುಗಳು ಬೂಟ್ ಆಗುವಾಗಲೇ ಎಚ್ಚರಿಸಿ ನಿಲ್ಲುತ್ತವೆ, ನನಗೆ ಬೇಕಾದದ್ದು ಆ ಕಾವಲು. ಆ ಎಚ್ಚರಿಕೆಯನ್ನು "ಇಗ್ನೋರ್" ಅಂತ ಮಾಡಿಟ್ಟ ಮೆಷಿನ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಆರ್‌ಪಿಎಂ ಒಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಪಂಪ್ ತಿರುಗುತ್ತಿದೆ ಅಂತ ಅದು ಹೇಳುತ್ತದೆ, ನೀರು ಹರಿಯುತ್ತಿದೆ ಅಂತ ಹೇಳುವುದಿಲ್ಲ. ಪಂಪಿನೊಳಗೆ ಗಾಳಿ ಸೇರಿದರೆ ಭಾರ ಕಡಿಮೆಯಾಗಿ ಆರ್‌ಪಿಎಂ ಏರಲೂಬಹುದು. ರಾತ್ರಿಯಿಡೀ ರೆಂಡರ್ ಓಡುವ ಮೆಷಿನ್ ಆದರೆ ಫ್ಲೋ ಮೀಟರ್ ಹಾಕಿಸಿ ಅಂತ ಒತ್ತಾಯ ಮಾಡುತ್ತೇನೆ.

ಡಬ್ಬಿಂಗ್ ಸ್ಟುಡಿಯೋದ ಮೆಷಿನ್ನಿಗೆ ಮಾಡಿದ್ದು ಇಷ್ಟು. ರಿಸರ್ವಾಯರಿನಲ್ಲಿ ಖಾಲಿ ಇದ್ದ ಒಂದು ಪೋರ್ಟಿನ ಪ್ಲಗ್ ತೆಗೆದು ಅಲ್ಲಿ ತಾಪದ ಸೆನ್ಸರ್ ಕೂರಿಸಿದೆ. ಅದು 10 ಕಿಲೋ ಓಮ್ ಥರ್ಮಿಸ್ಟರ್, ದುಬಾರಿಯೇನಲ್ಲ. ಅದರ ಎರಡು ವೈರ್ ಬೋರ್ಡಿನ ಟೆಂಪರೇಚರ್ ಸೆನ್ಸರ್ ಹೆಡರಿಗೆ ಹೋಯಿತು. ಈ ಹೆಡರ್ ಎಲ್ಲ ಬೋರ್ಡಿನಲ್ಲಿ ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೆನ್ಸರ್ ಇನ್‌ಪುಟ್ ಇರುವ ಫ್ಯಾನ್ ಕಂಟ್ರೋಲರ್ ಬೇರೆ ತರಬೇಕು.

ಆಮೇಲೆ ಸೈಡ್ ಪ್ಯಾನೆಲ್ ಹಾಕಿ, ಅದರ ಮೇಲೆ ಅಂಗೈ ಇಟ್ಟು, ಪಂಪನ್ನು 30 ಶೇಕಡದಿಂದ ಐದೈದೇ ಏರಿಸುತ್ತಾ ಹೋದೆ. ಈ ಕೆಲಸಕ್ಕೆ ಅವಸರ ಮಾಡಬಾರದು. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಹೊತ್ತು ನಿಲ್ಲಬೇಕು. 45ರವರೆಗೆ ಅಂಗೈಗೆ ಏನೂ ತಾಗಲಿಲ್ಲ. 50ಕ್ಕೆ ಬಂದಾಗ ಪ್ಯಾನೆಲ್ ಜುಮ್ಮೆಂದಿತು, ಜೊತೆಗೆ ಒಂದು ಗುಂಯ್ ರಾಗ. 55ಕ್ಕೆ ಅದು ಮಾಯ. 75ರ ಹತ್ತಿರ ಮತ್ತೆ ಶುರು. ಪ್ರತಿ ಕ್ಯಾಬಿನೆಟ್ಟಿಗೂ ಹೀಗೆ ತನ್ನದೇ ಒಂದೆರಡು ವೇಗಗಳಿರುತ್ತವೆ, ಪಂಪಿನ ಅಲುಗಾಟಕ್ಕೆ ಇಡೀ ಲೋಹದ ಹಾಳೆ ದನಿಗೂಡಿಸುವ ವೇಗಗಳು. ಯಾವ ಪುಸ್ತಕದಲ್ಲೂ ಇದು ಬರೆದಿರುವುದಿಲ್ಲ, ಕೈಯಿಟ್ಟೇ ಹುಡುಕಬೇಕು. ಪಂಪಿನ ಕೆಳಗೆ ರಬ್ಬರ್ ಪ್ಯಾಡ್ ಹಾಕಿದರೆ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಕೊನೆಗೆ ಇಟ್ಟ ಸೆಟ್ಟಿಂಗ್: ನೀರು 38 ಡಿಗ್ರಿ ದಾಟುವವರೆಗೆ ಪಂಪ್ 55 ಶೇಕಡದಲ್ಲಿ ಅಲುಗಾಡದೆ ನಿಲ್ಲಬೇಕು. ಅಲ್ಲಿಂದ 43 ಡಿಗ್ರಿಯವರೆಗೆ ನಿಧಾನವಾಗಿ 65. 48ಕ್ಕೆ ನೂರು. ರೇಡಿಯೇಟರಿನ ಫ್ಯಾನುಗಳನ್ನೂ ಅದೇ ನೀರಿನ ಸೆನ್ಸರಿಗೆ ಕಟ್ಟಿದೆ, ಯಾಕಂದರೆ ನೀರನ್ನು ತಣ್ಣಗೆ ಮಾಡುವ ಮುಖ್ಯ ಕೆಲಸ ಅವುಗಳದ್ದು. ಡಬ್ಬಿಂಗ್ ಕೆಲಸದಲ್ಲಿ ಆ ಮೆಷಿನ್ 38 ದಾಟುವುದೇ ಅಪರೂಪ. ಪಂಪ್ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಇರುತ್ತದೆ. ಪ್ರೊಸೆಸರ್ ಈಗಲೂ 45ರಿಂದ 70ಕ್ಕೆ ಜಿಗಿಯುತ್ತದೆ, ಜಿಗಿಯಲಿ ಬಿಡಿ. ಈಗಿನ ಕೆಲವು ಪ್ರೊಸೆಸರುಗಳು 95 ಡಿಗ್ರಿವರೆಗೆ ಹೋಗಿ ಕೆಲಸ ಮಾಡುವಂತೆಯೇ ತಯಾರಾಗಿವೆ.

ಇದೇ ಸೆಟ್ಟಿಂಗ್ ಎಲ್ಲ ಕಡೆ ನಡೆಯುತ್ತದೆ ಅಂತಿಲ್ಲ. ಬೆಂಗಳೂರಿನ 26 ಡಿಗ್ರಿಯ ರೂಮಿನಲ್ಲಿ ಕೂತು ಮಾಡಿದ ಕರ್ವ್ (ಯಾವ ತಾಪಕ್ಕೆ ಯಾವ ವೇಗ ಅನ್ನುವ ಸೆಟ್ಟಿಂಗ್) ಕಲಬುರಗಿಯ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೇ ಸೋಲುತ್ತದೆ. ಅಲ್ಲಿ ಹೊರಗೆ 42 ಇರುತ್ತದೆ. ಎಸಿ ಇಲ್ಲದ ಆಫೀಸಿನಲ್ಲಿ ಮೆಷಿನ್ ಆನ್ ಮಾಡುವ ಮೊದಲೇ ನೀರು 38ರ ಹತ್ತಿರ ಇರುತ್ತದೆ. ರೂಮಿಗಿಂತ ತಣ್ಣಗೆ ನೀರನ್ನು ತರಲು ಯಾವ ರೇಡಿಯೇಟರಿಗೂ ಆಗುವುದಿಲ್ಲ, ಪಂಪ್ ಪಾಪ ಫುಲ್ ಸ್ಪೀಡಿನಲ್ಲಿ ಸುಮ್ನೆ ತಿರುಗುತ್ತಾ ಇರುತ್ತದೆ. ಅಲ್ಲಿನ ಆರ್ಕಿಟೆಕ್ಟ್ ಒಬ್ಬರ ರೆಂಡರಿಂಗ್ ಮೆಷಿನ್ನಿಗೆ ನಾನು ಎರಡು ಸೆನ್ಸರ್ ಹಾಕಿದೆ. ಒಂದು ನೀರಿಗೆ, ಇನ್ನೊಂದು ಕ್ಯಾಬಿನೆಟ್ಟಿನೊಳಗೆ ಗಾಳಿ ಬರುವ ಕಡೆ. ಎರಡರ ವ್ಯತ್ಯಾಸ ನೋಡಿ ವೇಗ ನಿರ್ಧಾರ ಆಗಬೇಕು. ವ್ಯತ್ಯಾಸ 5 ಡಿಗ್ರಿ ಇದ್ದರೆ ನಿಧಾನ, 12 ಆದರೆ ಜೋರು. ಒಳ್ಳೆಯ ಕಂಟ್ರೋಲರುಗಳು ಈ ಕಳೆಯುವ ಲೆಕ್ಕ ತಾವೇ ಮಾಡುತ್ತವೆ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಸಾಫ್ಟ್‌ವೇರಿನಲ್ಲೂ ಮಾಡಬಹುದು. ಸಾಫ್ಟ್‌ವೇರ್ ನಂಬುವುದಾದರೆ ಬಯೋಸಿನಲ್ಲಿ ಒಂದು ಸುರಕ್ಷಿತ ವೇಗ ಇಟ್ಟಿರಲೇಬೇಕು, ವಿಂಡೋಸ್ ಏಳದಿದ್ದರೂ ಪಂಪ್ ಓಡುವಂತೆ.

ವ್ಯತ್ಯಾಸ ಎಷ್ಟೇ ಇರಲಿ, ನೀರು 50 ಮುಟ್ಟಿದರೆ ಎಲ್ಲವೂ ಫುಲ್, 55 ಮುಟ್ಟಿದರೆ ಮೆಷಿನ್ ಆಫ್. ಇದನ್ನು ಮಾತ್ರ ನಾನು ಯಾವ ಊರಿಗೂ ಬದಲಾಯಿಸುವುದಿಲ್ಲ. ಡಿ5ಗೆ ಹೇಳಿರುವ ಮಿತಿ 60 ಡಿಗ್ರಿ. ಪಿಇಟಿಜಿ ಅನ್ನುವ ಪ್ಲಾಸ್ಟಿಕ್ಕಿನ ಪೈಪ್ ಮೆತ್ತಗಾಗುವುದೂ ಹೆಚ್ಚುಕಡಿಮೆ ಅಲ್ಲೇ. ಮೆತ್ತಗಾದ ಪೈಪ್ ಫಿಟ್ಟಿಂಗಿನಿಂದ ಜಾರಿದರೆ ಕೆಳಗಿರುವುದು ಗ್ರಾಫಿಕ್ಸ್ ಕಾರ್ಡ್. ಇದೇ ಕಾರಣಕ್ಕೆ ತಾಪ ಕಡಿಮೆ ಇದ್ದಾಗ ಪೂರ್ತಿ ನಿಲ್ಲಿಸುವ ಝೀರೋ ಆರ್‌ಪಿಎಂ ಅನ್ನುವ ಆಯ್ಕೆ ಪಂಪಿಗೆ ಬೇಡವೇ ಬೇಡ. ಫ್ಯಾನ್ ನಿಂತರೆ ತೊಂದರೆಯಿಲ್ಲ, ಪಂಪ್ ನಿಂತರೆ ಬ್ಲಾಕಿನೊಳಗಿನ ಒಂದೆರಡು ಚಮಚ ನೀರು ಅಲ್ಲೇ ನಿಂತು ಕಾಯುತ್ತಾ ಹೋಗುತ್ತದೆ, ಸೆನ್ಸರ್ ಇರುವ ರಿಸರ್ವಾಯರಿಗೆ ಸುದ್ದಿಯೇ ತಲುಪುವುದಿಲ್ಲ.

ಮೆಷಿನ್ ಕೊಡುವ ದಿನ ಒಂದು ಚೀಟಿ ಬರೆದು ಸೈಡ್ ಪ್ಯಾನೆಲ್ಲಿನ ಒಳಬದಿಗೆ ಅಂಟಿಸುತ್ತೇನೆ. ರೂಮಿನ ತಾಪ, ಒಂದು ಗಂಟೆ ಪೂರ್ತಿ ದುಡಿಸಿದ ಮೇಲೆ ನೀರಿನ ತಾಪ, ಆಗಿನ ಪಂಪ್ ಆರ್‌ಪಿಎಂ, ತಾರೀಕು. ವರ್ಷ ಕಳೆದ ಮೇಲೆ ಅದೇ ಆರ್‌ಪಿಎಂನಲ್ಲಿ ರೂಮಿಗೂ ನೀರಿಗೂ ಇರುವ ವ್ಯತ್ಯಾಸ ನಾಲ್ಕೈದು ಡಿಗ್ರಿ ಜಾಸ್ತಿಯಾಗಿದ್ದರೆ ಪಂಪಿನ ಕರ್ವ್ ಮುಟ್ಟಬೇಡಿ. ಮೊದಲು ಬ್ಲೋಯರ್ ತಂದು ರೇಡಿಯೇಟರಿನ ಧೂಳು ಹೊಡೆಯಿರಿ. ಅದರಿಂದ ಇಳಿಯದಿದ್ದರೆ ನನಗೆ ಫೋನ್ ಮಾಡಿ, ಬ್ಲಾಕ್ ಬಿಚ್ಚಿ ನೋಡೋಣ.