ಫ್ರೆಕಲ್ಟನ್‌ನ ಆಟದ ಮೈದಾನ

ಇಂಗ್ಲೆಂಡಿನಲ್ಲಿ ನಾವಿರುವ ಪ್ರೆಸ್ಟನ್‌ನಿಂದ ಬ್ಲಾಕ್‌ಪೂಲ್ ಕಡೆ ಹೋಗುವಾಗ ಫ್ರೆಕಲ್ಟನ್ ಅನ್ನುವ ಊರು ಸಿಗುತ್ತದೆ. ರಿಬ್ಬಲ್ ನದಿ ಪಕ್ಕದ ಸಾಧಾರಣ ಊರು. ಅದಕ್ಕೆ ಅಂಟಿಕೊಂಡೇ ವಾರ್ಟನ್. ಅಲ್ಲಿ ಯುದ್ಧವಿಮಾನದ ಕಾರ್ಖಾನೆ ಇದೆ. ನಮ್ಮ ವಾಯುಪಡೆಯ ಮೊದಲ ಜಾಗ್ವಾರ್‌ಗಳು ಬಂದದ್ದು ಇಲ್ಲಿಂದಲೇ. ಆಮೇಲೆ ಅವನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಕಟ್ಟಿದರು.

ಫ್ರೆಕಲ್ಟನ್‌ನಲ್ಲಿ ಮಕ್ಕಳು ಆಡುವ ಮೈದಾನವೇ ಒಂದು ಸ್ಮಾರಕ. ಅಲ್ಲೊಂದು ಕಲ್ಲಿನ ಮೇಲೆ ಬರೆದಿರುವುದು ಹೆಚ್ಚುಕಮ್ಮಿ ಇಷ್ಟು: ಇದು ಅಮೆರಿಕದ ವಾಯುಪಡೆಯ ಎರಡನೇ ನಂಬರ್ ಡಿಪೋದಲ್ಲಿರುವ ನೆರೆಯವರು ಈ ಊರಿನ ಮಕ್ಕಳಿಗೆ ಕೊಟ್ಟದ್ದು, 1944ರ ಆಗಸ್ಟ್ 23ರಂದು ನಮ್ಮಿಬ್ಬರಿಗೂ ಆದ ನಷ್ಟದ ನೆನಪಿಗೆ.

ಆಗ ಎರಡನೇ ಮಹಾಯುದ್ಧದ ಕಾಲ, ವಾರ್ಟನ್‌ನ ವಿಮಾನ ನಿಲ್ದಾಣ ಅಮೆರಿಕನ್ನರ ಕೈಯಲ್ಲಿತ್ತು. ಆ ಡಿಪೋ ಇದ್ದದ್ದು ಅಲ್ಲೇ. ಅವತ್ತು ಬೆಳಿಗ್ಗೆ ಎರಡು ಬಿ-24 ಲಿಬರೇಟರ್ ಬಾಂಬರ್‌ಗಳು ಹಾರಿದವು. ಯುದ್ಧಕ್ಕಲ್ಲ, ರಿಪೇರಿ ಆದ ಮೇಲೆ ಸರಿಯಾಗಿದೆಯಾ ಅಂತ ನೋಡಲು. ಅಷ್ಟರಲ್ಲಿ ಜೋರು ಗಾಳಿ, ಗುಡುಗು ಮಳೆ. ವಾಪಸ್ ಬನ್ನಿ ಅಂತ ಕರೆ ಹೋಯಿತು. ಇಳಿಯಲು ಬಂದರೆ ನೆಲವೇ ಕಾಣದಷ್ಟು ಮಳೆ. ಒಂದು ವಿಮಾನ ಉತ್ತರದ ಕಡೆ ಹೋಗಿ ತಪ್ಪಿಸಿಕೊಂಡಿತು. ಇನ್ನೊಂದರ ರೆಕ್ಕೆ ಮರಕ್ಕೆ ತಗುಲಿತು. ಅದು ಮನೆಗಳನ್ನು ಕೆಡವಿಕೊಂಡು, ಸೈನಿಕರು ತಿಂಡಿಗೆ ಸೇರುತ್ತಿದ್ದ 'ಸ್ಯಾಡ್ ಸ್ಯಾಕ್' ಅನ್ನುವ ಅಂಗಡಿಗೆ ನುಗ್ಗಿತು. ಹೊತ್ತಿಕೊಂಡ ಇಂಧನ ಹೋಲಿ ಟ್ರಿನಿಟಿ ಶಾಲೆಯಲ್ಲಿ ಪುಟ್ಟ ಮಕ್ಕಳು ಕೂರುವ ಕೋಣೆಗಳ ಮೇಲೆ ಸುರಿಯಿತು.

ಸತ್ತವರು 61 ಜನ. ಅದರಲ್ಲಿ 38 ಮಕ್ಕಳು. ಹೆಚ್ಚಿನವರಿಗೆ ನಾಲ್ಕೈದು ವರ್ಷ, ನಮ್ಮಲ್ಲಾದರೆ ಎಲ್‌ಕೆಜಿ, ಯುಕೆಜಿ.

ತನಿಖೆಯಲ್ಲಿ ಇಂಥದ್ದೇ ಕಾರಣ ಅಂತ ಸಿಗಲಿಲ್ಲ. ಬ್ರಿಟನ್ನಿನ ಗುಡುಗು ಮಳೆಯ ಅಪಾಯವನ್ನು ಅಮೆರಿಕದ ಪೈಲಟ್‌ಗಳಿಗೆ ಸರಿಯಾಗಿ ತಿಳಿಸಿಕೊಡಿ ಅಂತ ಸಲಹೆ ಮಾತ್ರ ಬಂತು. ಇಲ್ಲಿನ ಮಳೆ ಅಂದರೆ ಬರೀ ಜಿನುಗು ಅಂತ ಊರಲ್ಲಿ ತಮಾಷೆ ಮಾಡುತ್ತೀರಲ್ಲ, ಅಷ್ಟೇ ಅಲ್ಲ ಅದು.

ಮಕ್ಕಳನ್ನು ಚರ್ಚಿನ ಅಂಗಳದಲ್ಲಿ ಒಟ್ಟಿಗೇ ಮಣ್ಣು ಮಾಡಿದರು. ಶವಪೆಟ್ಟಿಗೆಗಳಿಗೆ ಹೆಗಲು ಕೊಟ್ಟವರು ಅಮೆರಿಕದ ಸೈನಿಕರು. ಮುಂದೆ ಅವರೇ ದುಡ್ಡು ಹಾಕಿ, ಕೈಯಾರೆ ಕೆಲಸ ಮಾಡಿ ಈ ಮೈದಾನ ಕಟ್ಟಿದರು. 1945ರ ಆಗಸ್ಟ್‌ನಲ್ಲಿ, ಅಂದರೆ ವರ್ಷ ತುಂಬುವ ಮೊದಲೇ, ಬಾಗಿಲು ತೆರೆಯಿತು. ಸೈನ್ಯದವರ ಸ್ಮಾರಕ ಅಂದರೆ ಒಂದು ಕಂಬ, ಅದಕ್ಕೊಂದು ಹಾರ, ಅಲ್ವಾ? ಇವರು ಉಳಿದ ಮಕ್ಕಳ ಬಗ್ಗೆ ಯೋಚಿಸಿದ್ದರು. ನನಗೆ ಇದೇ ಸರಿ ಅನ್ನಿಸುತ್ತದೆ. ಆದರೂ ಮಗುವನ್ನು ಕಳೆದುಕೊಂಡ ತಾಯಿ ಇನ್ನೊಂದು ಮಗುವನ್ನು ಅಲ್ಲಿಗೆ ಆಡಲು ಕಳಿಸುವುದು ಸುಲಭವಾಗಿತ್ತಾ?

ಊರಿನವರ ಸ್ಮಾರಕ ಭವನದ ಕಥೆಯೇ ಬೇರೆ. ಅದು ತೆರೆದದ್ದು 1977ರಲ್ಲಿ. ಸೈನಿಕರಿಗೆ ಒಂದು ವರ್ಷ ಸಾಕಾಗಿತ್ತು, ಇದಕ್ಕೆ 33 ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಬದುಕುಳಿದ ಮಕ್ಕಳಿಗೇ ಮಕ್ಕಳಾಗಿದ್ದರು.

ಬ್ಲಾಕ್‌ಪೂಲ್ ನೋಡಲು ಬರುವವರು ದಾರಿಯಲ್ಲಿ ಇಲ್ಲಿ ಇಳಿಯಬಹುದು. ಮೊದಲು ಚರ್ಚಿನ ಅಂಗಳಕ್ಕೆ ಹೋಗಿ, ಆಮೇಲೆ ಮೈದಾನಕ್ಕೆ. ಜೊತೆಗೆ ಮಕ್ಕಳಿದ್ದರೆ ಅಲ್ಲಿ ಆಡಲು ಬಿಡಿ, ಅದು ಇರುವುದೇ ಅದಕ್ಕೆ.