ಇಳಿಯುವ ಹೊತ್ತಿಗೆ ರನ್‌ವೇ ಬದಲಾದರೆ ಏನು ಮಾಡುತ್ತೀರಿ?

ನಾನು ವಿಮಾನ ಹಾರಿಸುತ್ತಿದ್ದವನೆಂದು ತಿಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಇನ್ನೇನು ಇಳಿಯಬೇಕು ಎನ್ನುವಾಗ ಕಂಟ್ರೋಲರ್ ರನ್‌ವೇ ಬದಲಾಯಿಸಿದರೆ ನೀವು ಏನು ಮಾಡುತ್ತೀರಿ? ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳು ಎಲ್ಲರ ಮೊಬೈಲಿಗೂ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಮೊನಚಾಗಿದೆ. ಯಲಹಂಕದ ನಮ್ಮ ಪಾರ್ಕಿನಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ನೆರೆಯವರೊಬ್ಬರು ಮಗಳು ಬಂದ ವಿಮಾನದ ಜಾಡನ್ನು ನನಗೆ ತೋರಿಸಿ, “ಪಕ್ಕದ ರನ್‌ವೇಗೆ ಹೋಗೋದಕ್ಕೆ ಇನ್ನೊಂದು ಸುತ್ತು ಹಾಕಬೇಕಿತ್ತಾ ಸಾರ್? ರಸ್ತೇಲಿ ಲೇನ್ ಬದಲಾಯಿಸಿದ ಹಾಗಲ್ವಾ ಅದು?” ಎಂದು ಕೇಳಿದರು. ಅಲ್ಲ ಎಂಬುದೇ ನನ್ನ ಉತ್ತರ. ಏಕೆ ಅಲ್ಲ ಎಂಬುದನ್ನು ಪಾರ್ಕಿನ ಬೆಂಚಿನ ಮೇಲೆ ಪೂರ್ತಿ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರಲ್ಲಿ ಶುರುವಾದಾಗ ಅಲ್ಲಿದ್ದದ್ದು ಪೂರ್ವ–ಪಶ್ಚಿಮವಾಗಿ ಚಾಚಿದ ಒಂದೇ ರನ್‌ವೇ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ, ನೈಋತ್ಯ ಮುಂಗಾರಿನ ಪಡುವಣ ಗಾಳಿ ಬೀಸುವ ತಿಂಗಳುಗಳಲ್ಲಿ ಪಶ್ಚಿಮಕ್ಕೆ ಮುಖಮಾಡಿ, ಅಂದರೆ 27ಕ್ಕೆ ಇಳಿಯುತ್ತಿದ್ದೆವು (ರನ್‌ವೇಯ ಸಂಖ್ಯೆ ಎಂದರೆ ವಿಮಾನ ಮುಖಮಾಡುವ ದಿಕ್ಕಿನ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ್ದು; 270 ಡಿಗ್ರಿ ಪಶ್ಚಿಮ, 90 ಪೂರ್ವ). ಚಳಿಗಾಲದ ಮೂಡಣ ಗಾಳಿಗೆ ಪೂರ್ವಮುಖವಾಗಿ, 09ಕ್ಕೆ. ಆಗ ರನ್‌ವೇ ಬದಲಾವಣೆ ಎಂದರೆ ದಿಕ್ಕಿನ ಬದಲಾವಣೆ ಮಾತ್ರ. 2019ರ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸಮಾನಾಂತರವಾಗಿ ಎರಡನೆಯ ರನ್‌ವೇ ತೆರೆಯಿತು. ಎರಡೂ ತಲಾ 4,000 ಮೀಟರ್ ಉದ್ದ. ಅಂದಿನಿಂದ ಬೆಂಗಳೂರಿನಲ್ಲಿ ಎರಡು ಬಗೆಯ ಬದಲಾವಣೆಗಳಿವೆ: 27ರಿಂದ 09ಕ್ಕೆ ದಿಕ್ಕೇ ತಿರುಗುವುದು ಒಂದು, 27 ಲೆಫ್ಟ್‌ನಿಂದ 27 ರೈಟ್‌ಗೆ ಅಂದರೆ ಅದೇ ದಿಕ್ಕಿನ ಎಡ ರನ್‌ವೇಯಿಂದ ಬಲ ರನ್‌ವೇಗೆ, ಪಕ್ಕಕ್ಕೆ ಸರಿಯುವುದು ಇನ್ನೊಂದು.

ಕೇಳುವವರಿಗೆ ಮೊದಲನೆಯದು ಭಯಂಕರವಾಗಿಯೂ ಎರಡನೆಯದು ಸುಲಭವಾಗಿಯೂ ಕಾಣುತ್ತದೆ. ನನ್ನ ಅನುಭವದಲ್ಲಿ ಅದು ತಿರುಗುಮುರುಗು. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗುಮಳೆಯ ಮೋಡ ಗಾಳಿಯ ದಿಕ್ಕನ್ನು ಹತ್ತು ನಿಮಿಷದಲ್ಲಿ ಬದಲಾಯಿಸಿಬಿಟ್ಟರೂ, ಎದುರು ತುದಿಗೆ ಹೋಗಿ ಇಳಿಯಬೇಕಾದರೆ ನಿಲ್ದಾಣವನ್ನು ಬಳಸಿಕೊಂಡು ಹಲವಾರು ಮೈಲಿ ಹಾರಲೇಬೇಕು. ಆ ದೂರವೇ ನಮಗೆ ಸಮಯ ಕೊಡುತ್ತದೆ. ಪಕ್ಕದ ರನ್‌ವೇ ಹಾಗಲ್ಲ. ಅದು ಕಣ್ಣೆದುರೇ ಇರುತ್ತದೆ, ಸ್ವಲ್ಪ ವಾಲಿಸಿದರೆ ಸಿಕ್ಕಿಬಿಡುತ್ತದೆ ಎನಿಸುತ್ತದೆ, ಆದ್ದರಿಂದಲೇ ಆ ಸೂಚನೆ ತಡವಾಗಿ ಬರುತ್ತದೆ ಮತ್ತು ಪೈಲಟ್ ಬೇಗ ಒಪ್ಪಿಕೊಳ್ಳುತ್ತಾನೆ.

ಸಮಯದ ಲೆಕ್ಕ ನೋಡಿ. ವಿಮಾನ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿಲೋಮೀಟರ್) ಹೆಚ್ಚುಕಡಿಮೆ 300 ಅಡಿ ಎತ್ತರ ಕಳೆದುಕೊಳ್ಳುತ್ತದೆ. ರನ್‌ವೇ ಹತ್ತು ಮೈಲಿ ದೂರವಿದ್ದಾಗ ನಾವು ನೆಲದಿಂದ ಸುಮಾರು 3,000 ಅಡಿ ಮೇಲಿರುತ್ತೇವೆ. 1,000 ಅಡಿಗೆ ಬರುವಷ್ಟರಲ್ಲಿ ಚಕ್ರ ಕೆಳಗಿಳಿದು, ಫ್ಲಾಪ್ ಪೂರ್ತಿ ಹರಡಿ, ವೇಗ ಹದಕ್ಕೆ ಬಂದು, ಚೆಕ್‌ಲಿಸ್ಟ್ ಮುಗಿದಿರಬೇಕು. ಇಲ್ಲದಿದ್ದರೆ ಇಳಿಯುವಂತಿಲ್ಲ, ಗೋ-ಅರೌಂಡ್ ಮಾಡಿ ಮತ್ತೆ ಮೇಲೇರಬೇಕು. ಈ 2,000 ಅಡಿ ಇಳಿಯಲು ಸಿಗುವ ಕಾಲ ಎರಡೂವರೆ ನಿಮಿಷವೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು. ವೇಗಮಾಪಕ ಅದೇ ಅಂಕಿ ತೋರಿಸುತ್ತಿದ್ದರೂ ವಿಮಾನ ಚೆನ್ನೈ ಅಥವಾ ಮುಂಬೈಯಲ್ಲಿ ಸಾಗುವುದಕ್ಕಿಂತ ಸುಮಾರು ನೂರಕ್ಕೆ ಐದರಷ್ಟು ಬೇಗ ಸಾಗುತ್ತಿರುತ್ತದೆ.

ಇಷ್ಟು ಕಾಲದಲ್ಲಿ ಆಗಬೇಕಾದ ಕೆಲಸವೇನು? ಪ್ರತಿ ರನ್‌ವೇಗೂ ತನ್ನದೇ ಐಎಲ್‌ಎಸ್ ಸಂಕೇತವಿದೆ, ಅಂದರೆ ವಿಮಾನವನ್ನು ರನ್‌ವೇಯ ನೇರಕ್ಕೂ ಇಳಿಜಾರಿಗೂ ತರುವ ರೇಡಿಯೊ ಸಂಕೇತ. ಕಂಪ್ಯೂಟರಿನಲ್ಲಿ ಹಳೆಯ ರನ್‌ವೇ ಉಳಿದರೆ ಆಟೋಪೈಲಟ್ ಬಹಳ ನಿಷ್ಠೆಯಿಂದ, ಒಂದಿಷ್ಟೂ ಅಲುಗಾಡದೆ, ಹಳೆಯ ರನ್‌ವೇಗೇ ಕರೆದೊಯ್ಯುತ್ತದೆ. ಅಲ್ಲಿ ಇನ್ನೊಂದು ವಿಮಾನ ಹೊರಡಲು ನಿಂತಿರಬಹುದು. ಆದ್ದರಿಂದ ಹೊಸ ರನ್‌ವೇಯನ್ನು ಆಯ್ದು, ಪರದೆಯ ಮೂಲೆಯಲ್ಲಿ ಮೂಡುವ ಐಎಲ್‌ಎಸ್ ಗುರುತಿನ ಅಕ್ಷರಗಳನ್ನು ನಕ್ಷೆಯ ಅಕ್ಷರಗಳೊಡನೆ ತಾಳೆ ನೋಡಬೇಕು. ನಾನು ಹಾರಿಸುತ್ತಿದ್ದ ಏರ್‌ಬಸ್‌ನಲ್ಲಿ ರನ್‌ವೇ ಬದಲಾಯಿಸಿದ ಕೂಡಲೇ ಮಿನಿಮಮ್, ಅಂದರೆ ರನ್‌ವೇ ಕಾಣದಿದ್ದರೆ ಅದಕ್ಕಿಂತ ಕೆಳಗೆ ಇಳಿಯಬಾರದ ಎತ್ತರ, ತಾನಾಗಿ ಅಳಿಸಿಹೋಗುತ್ತದೆ. ಅದನ್ನು ಹೊಸದಾಗಿ ತುಂಬಬೇಕು. ಗೋ-ಅರೌಂಡ್ ಆದರೆ ಯಾವ ಕಡೆ ತಿರುಗಬೇಕು, ಎಷ್ಟು ಎತ್ತರಕ್ಕೆ ಏರಬೇಕು ಎಂಬುದನ್ನು ಇಬ್ಬರೂ ಮತ್ತೆ ಓದಿಕೊಳ್ಳಬೇಕು. ಉತ್ತರಕ್ಕೆ 4,851 ಅಡಿಯ ನಂದಿಬೆಟ್ಟವಿದೆ, ರನ್‌ವೇಗಿಂತ ಸುಮಾರು 1,800 ಅಡಿ ಎತ್ತರ. ಮೋಡದೊಳಗೆ ಆ ತಿರುವನ್ನು ಅಂದಾಜಿಗೆ ಬಿಡುವಂತಿಲ್ಲ. ಇವೆಲ್ಲ ನಡೆಯುವಾಗ ಒಬ್ಬರ ತಲೆ ಕೀಲಿಗಳ ಮೇಲೆ ಬಗ್ಗಿರುತ್ತದೆ, ಅಂದರೆ ವಿಮಾನದ ಮೇಲೆ ಕಣ್ಣಿಟ್ಟವರು ಒಬ್ಬರೇ ಉಳಿಯುತ್ತಾರೆ.

ಈ ಅವಸರ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ನಗರದ ಹತ್ತಿರ ನಡೆದ ದುರಂತವನ್ನು ಎಲ್ಲ ಪೈಲಟ್‌ಗಳೂ ಓದಿರುತ್ತಾರೆ. ಮಯಾಮಿಯಿಂದ ತಡವಾಗಿ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್‌ನ 757 ವಿಮಾನ ರನ್‌ವೇ 01ಕ್ಕೆ ಸಿದ್ಧವಾಗಿತ್ತು. ಗಾಳಿ ಶಾಂತವಾಗಿದೆ, ನೇರವಾಗಿ 19ಕ್ಕೆ, ಅಂದರೆ ಅದೇ ರನ್‌ವೇಗೆ ಎದುರು ದಿಕ್ಕಿನಿಂದ, ಇಳಿಯುತ್ತೀರಾ ಎಂದು ಕಂಟ್ರೋಲರ್ ಕೇಳಿದರು. ಪೈಲಟ್‌ಗಳು ಒಪ್ಪಿದರು. ಬೇಗ ಇಳಿಯಲು ರೆಕ್ಕೆಯ ಮೇಲೆ ಎದ್ದು ಗಾಳಿಗೆ ಅಡ್ಡವಾಗುವ ಸ್ಪೀಡ್‌ಬ್ರೇಕ್ ತೆರೆದರು. ರೋಸೋ ಎಂಬ ಬೀಕನ್‌ಗೆಂದು (ದಾರಿ ತೋರುವ ನೆಲದ ರೇಡಿಯೊ ಕೇಂದ್ರ) ಕಂಪ್ಯೂಟರಿಗೆ ‘ಆರ್’ ಅಕ್ಷರ ಕೊಟ್ಟಾಗ ಪಟ್ಟಿಯ ಮೇಲೆ ಬಂದದ್ದು ದೂರದ ಬೊಗೊಟಾ ಬಳಿಯ ರೋಮಿಯೋ. ವಿಮಾನ ಕಣಿವೆಯನ್ನು ಬಿಟ್ಟು ಬೆಟ್ಟದ ಕಡೆ ತಿರುಗಿತು. 163 ಜನರಲ್ಲಿ 159 ಮಂದಿ ಸತ್ತರು. ಅಲ್ಲಿ ಕಂಟ್ರೋಲರ್ ಆಜ್ಞೆ ಮಾಡಿರಲಿಲ್ಲ, ಕೇಳಿದ್ದರು ಅಷ್ಟೇ. ನನ್ನೊಡನೆ ತರಬೇತಿಗೆ ಬಂದ ಪ್ರತಿಯೊಬ್ಬರಿಗೂ ನಾನು ಇದನ್ನೇ ಒತ್ತಿ ಹೇಳುತ್ತಿದ್ದೆ.

ನಮ್ಮಲ್ಲಿ 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ಮಳೆಯ ನಡುವೆ ರನ್‌ವೇ 28ಕ್ಕೆ ಇಳಿಯಲಾಗದ ವಿಮಾನ, ಎದುರು ದಿಕ್ಕಿನ 10ಕ್ಕೆ ಬಂದು, ಬೆನ್ನಿನ ಗಾಳಿಯಲ್ಲಿ ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿ, ತುದಿಯಾಚೆ ಉರುಳಿತು. 21 ಜನ ತೀರಿಕೊಂಡರು. ಅದಕ್ಕೆ ಕಾರಣಗಳು ಹಲವು. ಆದರೂ ಬದಲಾದ ರನ್‌ವೇಯ ಗಾಳಿಯನ್ನೂ ಬೇಕಾದ ಉದ್ದವನ್ನೂ ಹೊಸದಾಗಿ ಲೆಕ್ಕ ಹಾಕದೆ ಯಾವ ಒಪ್ಪಿಗೆಯನ್ನೂ ಕೊಡಬಾರದು ಎಂಬ ನನ್ನ ನಿಲುವು ಅದನ್ನು ಓದಿದ ಮೇಲೆ ಇನ್ನಷ್ಟು ಗಟ್ಟಿಯಾಯಿತು.

ಹಾಗಾದರೆ ನಾವು ಮಾಡುವುದೇನು? ಕೆಲಸದ ಬಹುಪಾಲು ಸೂಚನೆ ಬರುವ ಮೊದಲೇ ಮುಗಿದಿರಬೇಕು. ಇಳಿಯಲು ಆರಂಭಿಸುವ ಮುನ್ನ, ಇನ್ನೂ ಮೇಲೆ ಬಿಡುವಾಗಿರುವಾಗಲೇ, ಎರಡನೆಯ ರನ್‌ವೇಯನ್ನೂ ಕಂಪ್ಯೂಟರಿನ ಸೆಕೆಂಡರಿ ಫ್ಲೈಟ್ ಪ್ಲಾನ್‌ನಲ್ಲಿ, ಅಂದರೆ ಬದಲಿ ಯೋಜನೆಯಲ್ಲಿ, ತುಂಬಿ, ಅದರ ಬ್ರೀಫಿಂಗನ್ನೂ ಮಾಡಿ, ಯಾವ ಬಿಂದುವಿನ ನಂತರ ಬದಲಾವಣೆಯನ್ನು ಒಪ್ಪುವುದಿಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಬೇಕು. ಆ ಬಿಂದು ದಾಟಿದ ಮೇಲೆ ಉತ್ತರ ಒಂದೇ ಪದ, ‘ಅನೇಬಲ್’, ಅಂದರೆ ಆಗುವುದಿಲ್ಲ. ಅದು ಉದ್ಧಟತನವಲ್ಲ, ಕಂಟ್ರೋಲರ್‌ಗಳೂ ಅದನ್ನು ಹಾಗೆ ತಿಳಿಯುವುದಿಲ್ಲ, ಕೂಡಲೇ ಬೇರೆ ದಾರಿ ಕೊಡುತ್ತಾರೆ.

ಒಂದು ಮೇ ತಿಂಗಳ ಸಂಜೆ ದೆಹಲಿಯಿಂದ ಬಂದು 27 ಲೆಫ್ಟ್‌ಗೆ ಸಾಲಿನಲ್ಲಿದ್ದೆವು. ಗಾಳಿ ತಿರುಗಬಹುದೆಂದು ಸೆಕೆಂಡರಿಯಲ್ಲಿ 09 ತುಂಬಿದ್ದೆವು, ಪಕ್ಕದ ರನ್‌ವೇಯನ್ನಲ್ಲ. ಹನ್ನೊಂದು ಮೈಲಿಯಲ್ಲಿರುವಾಗ ಮುಂದಿನ ವಿಮಾನಕ್ಕೆ ಹಕ್ಕಿ ಬಡಿಯಿತು, ರನ್‌ವೇ ಪರಿಶೀಲಿಸಬೇಕು, 27 ರೈಟ್ ಒಪ್ಪುತ್ತೀರಾ ಎಂದು ಕೇಳಿದರು. ಒಪ್ಪಿದೆ. ಸಹಪೈಲಟ್, ದಾವಣಗೆರೆ ಕಡೆಯ ಹುಡುಗಿ, ಚುರುಕಾಗಿ ರನ್‌ವೇ ಬದಲಾಯಿಸಿದಳು; ಐಎಲ್‌ಎಸ್ ಗುರುತು ಸರಿಯಿತ್ತು, ಬಲಕ್ಕೆ ವಾಲಿ ಹೊಸ ಸಾಲಿಗೆ ಬರುತ್ತಿದ್ದೆವು. ಮೋಡದೊಳಗೆ 1,500 ಅಡಿ ಆಗಿತ್ತು. “ಸರ್, ಮಿನಿಮಮ್ ಖಾಲಿ ಇದೆ,” ಎಂದಳು. ಆ ಅಂಕಿ ಇರಬೇಕಾದ ಜಾಗ ಬರಿದಾಗಿತ್ತು. ಐದು ಸೆಕೆಂಡಿನಲ್ಲಿ ತುಂಬಬಹುದಿತ್ತು. ಆದರೆ ಅದೊಂದನ್ನು ಬಿಟ್ಟಿದ್ದೇವೆ ಎಂದರೆ ಇನ್ನೇನನ್ನು ಬಿಟ್ಟಿದ್ದೇವೆಂದು ನನಗೆ ಗೊತ್ತಿರಲಿಲ್ಲ. “ಗೋ-ಅರೌಂಡ್” ಎಂದೆ.

ಮೇಲೇರಿ ಪೂರ್ವಕ್ಕೆ ಬಳಸಿ ಬರುವಷ್ಟರಲ್ಲಿ ಪರಿಶೀಲನೆ ಮುಗಿದಿತ್ತು. 27 ಲೆಫ್ಟ್ ತೆರೆದಿದೆ, ಬೇಕೇ ಎಂದು ಕೇಳಿದರು. ಸಹಪೈಲಟ್ ನನ್ನ ಮುಖ ನೋಡಿದಳು. ಬೇಡ, 27 ರೈಟೇ ಇರಲಿ ಎಂದೆವು. ಅದರ ನಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು, ಹನ್ನೆರಡು ನಿಮಿಷ ತಡವಾಗಿ, ಸಣ್ಣ ಮಳೆಯಲ್ಲಿ ಇಳಿದೆವು.