‘ಮನಸ್ಸು ಎಲ್ಲರದ್ದೂ ಒಂದೇ ಅಲ್ವಾ, ಸಿದ್ದಿ ಮಕ್ಕಳಿಗೆ ಬೇರೆ ಎಂತಕ್ಕೆ?’

ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ ಹುಡುಗಿಯರ ಮಾನಸಿಕ ಆರೋಗ್ಯ ನನ್ನ ವಿಷಯ ಎಂದು ಹೇಳಿದರೆ ಸಾಕು, ಶಿರಸಿಯ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಂದ ಹಿಡಿದು ಕಾರವಾರದ ಕಚೇರಿಯವರ ತನಕ ಎಲ್ಲರೂ ಕೇಳುವುದು ಇದನ್ನೇ. “ತಂಗಿ, ಮನಸ್ಸು ಎಲ್ಲರದ್ದೂ ಒಂದೇ ಅಲ್ವಾ? ಆ ಮಕ್ಕಳಿಗೆ ಬೇರೆ ಚಿಕಿತ್ಸೆ ಎಂತಕ್ಕೆ?” ಕೇಳುವವರಲ್ಲಿ ಹೆಚ್ಚಿನವರದ್ದು ಭೇದ ಮಾಡಬಾರದು ಎಂಬ ಕಾಳಜಿ. ಅದಕ್ಕೇ ನಿಂತಲ್ಲೇ ಒಂದು ಮಾತು ಹೇಳಿ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಮನಸ್ಸು ಒಂದೇ, ಒಪ್ಪಿದೆ. ಆದರೆ ಆ ಮಕ್ಕಳಿಗೆ ದಿನವೂ ಏನಾಗುತ್ತದೆ ಎಂಬುದು ಒಂದೇ ಅಲ್ಲ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಪಿಯುಸಿ ಮುಗಿಸಿ ಪೇಟೆಯ ಕಾಲೇಜು ಸೇರಿದವಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬರುತ್ತಾರೆ. ಹಿಂದೆ ಕೂತವರು ಹೇಳದೆ ಕೇಳದೆ ಕೂದಲು ಮುಟ್ಟಿ ನೋಡುತ್ತಾರೆ. “ಯಾವ ದೇಶ?” ಎಂದು ಹಿಂದಿಯಲ್ಲಿ ಕೇಳಿದವರಿಗೆ ಅವಳು ಅಚ್ಚ ಕನ್ನಡದಲ್ಲಿ “ಯಲ್ಲಾಪುರ” ಅಂದರೆ ನಗುತ್ತಾರೆ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದ ಮೇಲೆ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಸಿದ್ದಿಗಳ ಹಿರಿಯರಲ್ಲಿದ್ದಾರೆ. ಬಂದು ಶತಮಾನಗಳೇ ಆದವು. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಪಕ್ಕದ ತಾಲೂಕಿನವರಿಗೆ ಈ ಹುಡುಗಿ ಪರದೇಶದವಳು.

ಅವಳು ಕಾಲೇಜಿಗೆ ಹೋಗುವುದು ನಿಲ್ಲಿಸಿದಳು. ಊಟ ಬಿಟ್ಟಳು. ಕೇಳಿದರೆ ಒಂದೇ ಮಾತು, “ಎಲ್ಲರೂ ನನ್ನನ್ನೇ ನೋಡ್ತಾರೆ.” ನಾವು ಕಲಿಯುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ, ಅಂದರೆ ಯೋಚನೆ ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯಲ್ಲಿ, ಇಂಥ ಮಾತು ಬಂದಾಗ ಮಾಡುವ ಕೆಲಸ ಗೊತ್ತೇ ಇದೆ: ಆ ಯೋಚನೆಗೆ ಆಧಾರ ಏನು, ವಿರುದ್ಧ ಸಾಕ್ಷಿ ಏನು ಎಂದು ಅವರಿಂದಲೇ ಬರೆಸುವುದು. ಅಂಜಿಕೆಯ ಸ್ವಭಾವದ ಎಷ್ಟೋ ಮಕ್ಕಳಿಗೆ ಇದರಿಂದ ನಿಜಕ್ಕೂ ಗುಣವಾಗುತ್ತದೆ. ಇವಳ ವಿಷಯದಲ್ಲಿ ಸಾಕ್ಷಿ ಅವಳ ಪರವಾಗಿಯೇ ಇತ್ತು. ಎಲ್ಲರೂ ನೋಡುತ್ತಿದ್ದರು, ಅದೇ ಸತ್ಯ. “ಅದು ನಿನ್ನ ಭ್ರಮೆ” ಎಂಬ ಅರ್ಥ ಬರುವ ಯಾವ ಪ್ರಶ್ನೆ ಕೇಳಿದರೂ, ಬಸ್ಸಿನಲ್ಲಿ ಆದ ಅವಮಾನವೇ ನನ್ನ ಕೋಣೆಯಲ್ಲಿ ಮತ್ತೊಮ್ಮೆ ಆಗುತ್ತಿತ್ತು. ಹಾಗಾಗಿ ಮೊದಲ ಕೆಲಸ, ನಡೆದದ್ದು ನಡೆದಿದೆ, ಅದು ತಪ್ಪು, ಆ ತಪ್ಪು ನಿನ್ನದಲ್ಲ ಎಂದು ಸ್ಪಷ್ಟವಾಗಿ ಹೇಳುವುದು. ಆಮೇಲೆ “ಅದಕ್ಕೇ ನಾನು ಓದಬಾರದು” ಎಂಬ ಅವಳ ತೀರ್ಮಾನವನ್ನು ಕೈಗೆತ್ತಿಕೊಳ್ಳುವುದು. ಪ್ರಶ್ನಿಸಬೇಕಾದದ್ದು ಅದನ್ನು. ಜೊತೆಗೆ ಯಾರ ಸಂಗಡ ಬಸ್ ಹತ್ತಬೇಕು, ಕೂದಲಿಗೆ ಕೈ ಹಾಕಿದವರಿಗೆ ಏನು ಹೇಳಬೇಕು, ಹಾಸ್ಟೆಲಿನಲ್ಲಿ ಯಾರಿಗೆ ದೂರು ಕೊಡಬೇಕು ಎಂಬುದೆಲ್ಲ ಚಿಕಿತ್ಸೆಯ ಭಾಗವೇ ಆಯಿತು.

ಹೊಗಳಿಕೆಯೂ ಹೊರೆಯಾಗುವುದುಂಟು. 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿಕೊಂಡ ಮೇಲೆ, ಸಿದ್ದಿ ಅಂದರೆ ಓಡಲೇಬೇಕು ಎಂಬಂತಾಗಿದೆ. ಲೆಕ್ಕ ಬಿಡಿಸಲು ಇಷ್ಟಪಡುವ ಹುಡುಗನನ್ನೂ ಮೈದಾನಕ್ಕೇ ದೂಡುತ್ತಾರೆ.

ಇನ್ನು ಅಳೆಯುವ ವಿಷಯ. ಖಿನ್ನತೆ ಇದೆಯೇ ಎಂದು ನೋಡಲು ನಾವು ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 10 ಮುಟ್ಟಿದರೆ ಸರಿಯಾಗಿ ವಿಚಾರಿಸಬೇಕು ಎಂದು ಲೆಕ್ಕ. ಭತ್ತ ತೆನೆ ಬಿಡುವ ಹೊತ್ತಿನಲ್ಲಿ ಕಾಡಂಚಿನ ಒಬ್ಬ ಹುಡುಗನಿಗೆ ನಿದ್ದೆಯಲ್ಲಿ 3, ಸುಸ್ತಿನಲ್ಲಿ 3, ಓದಿನಲ್ಲಿ ಗಮನ ನಿಲ್ಲದಿರುವುದಕ್ಕೆ 3, ಅಂತೂ ಮೂರೇ ಪ್ರಶ್ನೆಗೆ 9 ಬಂತು, ಇನ್ನೊಂದು ಅಂಕ ಬಿದ್ದರೆ 10. ರಾತ್ರಿಯೆಲ್ಲ ಅವನು ಗದ್ದೆಯ ಮಾಳದಲ್ಲಿ ಡಬ್ಬ ಬಡಿದು ಹಂದಿ ಓಡಿಸುತ್ತಿದ್ದ. ನಿದ್ದೆ ಬಾರದ್ದಲ್ಲ, ನಿದ್ದೆ ಮಾಡಲು ಬಿಡುವಿಲ್ಲದ್ದು. ಸಿದ್ದಿಗಳ ಡಮಾಮಿ ಡೋಲು ಬಾರಿಸುವ ಉಮೇದು ಅವನಲ್ಲಿ ಸ್ವಲ್ಪವೂ ಕುಂದಿರಲಿಲ್ಲ. ಇದನ್ನೆಲ್ಲ ಕೇಳದೆ ಬರೀ ಅಂಕ ಕೂಡಿಸಿದರೆ, ಕಾಯಿಲೆ ಇಲ್ಲದವನಿಗೆ ಕಾಯಿಲೆಯ ಹೆಸರು ಬೀಳುತ್ತದೆ. ನಿಜವಾಗಿ ಬಳಲುತ್ತಿರುವ, ಆದರೆ ಹೊರಗಿನವರೆದುರು ಎಲ್ಲದಕ್ಕೂ “ಇಲ್ಲ” ಎನ್ನುವ ಹುಡುಗಿ ಕೈತಪ್ಪಿ ಹೋಗುತ್ತಾಳೆ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹೀಗಿರುವಾಗ ನಮ್ಮ ಕಾಡಿನ ಕೇರಿಗಳ ಮಕ್ಕಳ ಬಗ್ಗೆ ಅದು ಏನು ಹೇಳೀತು?

ಸೇವೆ ಇಲ್ಲವೆಂದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಮನೋಚೈತನ್ಯದ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆ ಇದೆ. ಆದರೆ 18 ತುಂಬದ ಮಗುವಿನ ಸಂಗಡ ತಂದೆಯೋ ತಾಯಿಯೋ ಬರಬೇಕು. ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಖರ್ಚು ಬೇರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ನಾನೇ ಎಷ್ಟೋ ಮಕ್ಕಳಿಗೆ ಆ ನಂಬರು ಬರೆದುಕೊಟ್ಟಿದ್ದೇನೆ. ಕೆಲವು ಕೇರಿಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಒಂದೇ ಜಾಗದಲ್ಲಿ. ಸಂಜೆ ಊರಿಗೆ ಊರೇ ಫೋನ್ ಹಿಡಿದು ನಿಲ್ಲುವುದೂ ಅಲ್ಲೇ. ಆ ಗುಂಪಿನ ನಡುವೆ ನಿಂತು “ನನಗೆ ಬದುಕು ಬೇಡ ಅನಿಸ್ತದೆ” ಎಂದು ಯಾವ ಹುಡುಗಿ ಹೇಳುತ್ತಾಳೆ?

ದಾರಿ ತೋರಿಸಿದ್ದು ನೆರೆಯ ಗೋವಾ. ಕಾರವಾರದಲ್ಲಿ ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಆ ರಾಜ್ಯ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಃಶಾಸ್ತ್ರ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆಯ ವಯಸ್ಕರೊಂದಿಗೆ ಆರರಿಂದ ಎಂಟು ಸಲ ಕೂತು ಮಾತಾಡಲು ಕಳಿಸಿದರು. ಮೂರು ತಿಂಗಳಾದ ಮೇಲೆ ಅವರಲ್ಲಿ ಶೇ. 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಈ ಮಾತುಕತೆ ಸಿಗದೆ ಆಸ್ಪತ್ರೆಯ ಆರೈಕೆ ಮಾತ್ರ ಪಡೆದವರಲ್ಲಿ ಅದು ಶೇ. 39. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಈ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ನನ್ನ ಪಿಎಚ್.ಡಿ. ಕೆಲಸ ಇದರ ಮುಂದುವರಿಕೆ. ಓದಿ ಊರಲ್ಲೇ ಇರುವ ಸಿದ್ದಿ ಯುವತಿಯರಿಗೆ ಇಂಥ ತರಬೇತಿ ಕೊಡುವುದು, ಅವರಿಗೆ ಹಿಂದೆ ನಿಂತು ಮೇಲ್ವಿಚಾರಣೆ ಮಾಡುವುದು, ಮಾತ್ರೆಯೋ ಆಸ್ಪತ್ರೆಯೋ ಬೇಕಾದವರನ್ನು ತಡಮಾಡದೆ ಮನೋವೈದ್ಯರಿಗೆ ಕಳಿಸುವುದು. ಬಸ್ಸಿನಲ್ಲಿ ಆದದ್ದನ್ನು ಹೇಳಿಕೊಂಡಾಗ “ಹೌದನೇ, ನಿಜವಾಗಿ ಹಾಗಾಯ್ತಾ?” ಎಂದು ಕೇಳದವರು ಅವರು. ಅವರಿಗೂ ಹಾಗೇ ಆಗಿದೆ. ಕೌದಿ ಹೊಲಿಯುತ್ತಾ ಜಗುಲಿಯಲ್ಲಿ ಕೂತು ಮನೆಮಾತಿನ ಕೊಂಕಣಿಯಲ್ಲಿ ಅವರು ಆಡುವ ಮಾತಿಗೆ ನನ್ನ ಕೋಣೆಯ ಮೇಜು ಕುರ್ಚಿ ಸಾಟಿಯಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಹಾಗೆಂದು ಕೇರಿಯೊಳಗಿನ ಗುಟ್ಟು ಕೇರಿಯವರಿಗೇ ಹೇಳಲು ಅಂಜುವ ಮಕ್ಕಳೂ ಇದ್ದಾರೆ. ಅವರಿಗೆ ಪಕ್ಕದ ಕೇರಿಯ ಅಕ್ಕ ಬರುವ ಏರ್ಪಾಡು ಆಗಬೇಕು.

ನನ್ನನ್ನು ಕಾಡುವುದು ಹಣದ ಪ್ರಶ್ನೆ. ಸಂಶೋಧನೆಯ ಅನುದಾನ ಮುಗಿದ ಮೇಲೆ ಈ ಯುವತಿಯರಿಗೆ ಸಂಬಳ ಕೊಡುವವರು ಯಾರು? ಪುಣ್ಯದ ಕೆಲಸ ಎಂದು ಬಿಟ್ಟಿ ದುಡಿಸುವುದನ್ನು ನಾನು ಒಪ್ಪುವುದಿಲ್ಲ. ಜಿಲ್ಲಾ ಕಾರ್ಯಕ್ರಮದ ಖರ್ಚಿನಲ್ಲೇ ಅವರಿಗೆ ತಿಂಗಳ ಸಂಬಳ ಸೇರಬೇಕೆಂದು ಬರೆದ ಅಧ್ಯಾಯ ಈಗ ಮಾರ್ಗದರ್ಶಕರ ಮೇಜಿನ ಮೇಲಿದೆ, ಅದರ ಕನ್ನಡ ಪ್ರತಿಯನ್ನು ಕಾರವಾರದ ಕಚೇರಿಗೂ ಕೊಡಲಿದ್ದೇನೆ.